ಕಣ್ಣಿನ ಅಂಗಡಿಗೆ ಬಂದ ಮಾರ್ದನಿ

ಎದುರಿಗಿದ್ದವರ ಕೊನೆಯ ಮಾತನ್ನು ತುಟಿಯೊಳಗೇ ಒಮ್ಮೆ ಆಡಿಕೊಳ್ಳದೆ ಅವಳು ಯಾರಿಗೂ ಉತ್ತರ ಕೊಟ್ಟವಳಲ್ಲ. ಅದಕ್ಕೇ, ಕುಂಚದಿಂದ ಪಾಪೆ ಬಿಡಿಸಿ ಕೃತಕ ಕಣ್ಣು ಮಾಡುವ ಕಣ್ಣಜ್ಜ ಅವಳಿಗೆ ಮಾರ್ದನಿ ಎಂದು ಹೆಸರಿಟ್ಟಿದ್ದ. ಅವನ ಅಂಗಡಿಯ ವೆಬ್‌ಸೈಟು ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಸಿಗುವಂತೆ ಮಾಡುವುದು ಅವಳ ಕೆಲಸ. ಮೊಣಕಾಲು ಮುಟ್ಟುವ ಕಂದು ಕೋಟು, ಅದರ ಜೇಬುಗಳ ತುಂಬ ಚೀಟಿ. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ ಜನ ಕೇಳಿದ ಪ್ರಶ್ನೆಗಳು, ಅವರಾಡಿದ ಹಾಗೆಯೇ ಬರೆದಿಟ್ಟವು. ನಡೆದರೆ ಹೆಜ್ಜೆಯ ಸದ್ದಿಲ್ಲ, ಚೀಟಿಗಳ ಸರಬರ ಮಾತ್ರ.

ಮೂರು ತಿಂಗಳಿಂದ ಅಂಗಡಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಹೀಗೇ ಆದರೆ ಬಾಗಿಲು ಹಾಕುವುದೇ ಸೈ. ವೆಬ್‌ಸೈಟಿನ ನೆತ್ತಿಯ ಮೇಲೆ ‘ಉತ್ಕೃಷ್ಟ ನೇತ್ರ ಪ್ರತಿಕೃತಿಗಳು’ ಎಂದಿತ್ತು.

“ಕಣ್ಣು ಕಳ್ಕೊಂಡೋರು ಹೀಗೆ ಹುಡುಕ್ತಾರಾ ಅಜ್ಜ? ಸನ್ಮಾನಪತ್ರ ಇದ್ದ ಹಾಗಿದೆ,” ಎಂದು ಅಳಿಸಿ, ಚೀಟಿಯೊಂದನ್ನು ನೋಡಿ ಬರೆದಳು: ‘ಮಗು ನನ್ನ ಮುಖ ನೋಡೋಕೆ ಹೆದರುತ್ತೆ, ಏನ್ ಮಾಡ್ಲಿ?’ ಅದರ ಕೆಳಗೆ ಅಜ್ಜನ ಬಾಯಿಂದಲೇ ಉತ್ತರ ಹೇಳಿಸಿ ಹಾಕಿದಳು.

ವಾರ ಕಳೆಯುವಷ್ಟರಲ್ಲಿ ಜನ ಬರತೊಡಗಿದರು. ಮೊದಲು ಬಂದ ಹೆಂಗಸು ವೆಬ್‌ಸೈಟು ನೋಡಿದವಳೇ ಅಲ್ಲ, ನೋಡಿದ್ದು ಅವಳ ಗಂಡ. ಆದರೂ ಕುರ್ಚಿಯಲ್ಲಿ ಕೂತು, ಕಪ್ಪು ಕನ್ನಡಕ ತೆಗೆದು, ಅದೇ ಸಾಲನ್ನು ಒಂದಕ್ಷರ ಬಿಡದೆ ಆಡಿದಳು. ಅಜ್ಜನಿಗೆ ತಟ್ಟೆಯಲ್ಲಿದ್ದ ಕಣ್ಣುಗಳೆಲ್ಲ ಮಾರ್ದನಿಯನ್ನೇ ನೋಡುತ್ತಿದ್ದಂತೆ ಕಂಡವು.

ಮರುವಾರ ಅವಳು ಹೊಸದೊಂದು ಪುಟ ತೋರಿಸಿದಳು: ‘ಕೈ ನಡುಗೋಕೆ ಶುರುವಾದ್ರೆ ಕಣ್ಣು ಬಿಡಿಸೋ ಕೆಲಸ ಮುಗೀತಾ?’ ಕೆಳಗೆ ಉತ್ತರದ ಜಾಗ ಖಾಲಿ.

ಅಜ್ಜ ಬಲಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಆ ನಡುಕವನ್ನು ಮನೆಯವರಿಗೂ ಹೇಳಿರಲಿಲ್ಲ. ಗೊತ್ತಾದರೆ ಯಾರು ತಾನೇ ಇವನ ಕೈಗೆ ಮುಖ ಕೊಟ್ಟಾರು?

“ಇದನ್ನ ಯಾರು ಕೇಳಿದ್ದು?”

“ಯಾರು ಕೇಳಿದ್ದು...” ಅವಳ ತುಟಿ ಅಲುಗಿತು. “ನಿಮ್ಮ ಕಂಪ್ಯೂಟರಲ್ಲೇ ಇದೆ ಅಜ್ಜ. ಹನ್ನೊಂದು ಸಲ ಹುಡುಕಿದೀರಿ. ಪುಟ ಇನ್ನೂ ಯಾರಿಗೂ ಕಾಣಲ್ಲ. ಉತ್ತರ ನೀವೇ ಬರೀಬೇಕು. ಬೇಡ ಅಂದ್ರೆ ಅಳಿಸ್ತೀನಿ.”

ಸಂಜೆಯ ಹೊತ್ತಿಗೆ ಅಜ್ಜ ಒಂದೇ ಬೆರಳಲ್ಲಿ ಒತ್ತಿದ: ‘ಮುಗೀತು. ಕಲಿಸೋದು ಮುಗಿದಿಲ್ಲ. ಕೈ ಗಟ್ಟಿ ಇರೋರು ಬನ್ನಿ.’

ಮಾರ್ದನಿ ಆ ಪುಟವನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟಳು. ನಾಲ್ಕನೆಯ ದಿನ, ಬೊಂಬೆಗಳಿಗೆ ಬಣ್ಣ ಹಾಕುತ್ತಿದ್ದವಳೊಬ್ಬಳು ತನ್ನ ಕುಂಚಗಳೊಂದಿಗೆ ಕಲಿಯಲು ಬಂದು ಕೂತಳು. ಅಂಗಡಿ ಉಳಿಯಿತು.

ಕೆಲಸ ಮುಗಿಸಿ ಹೊರಟು ನಿಂತ ಮಾರ್ದನಿಯನ್ನು ಅಜ್ಜ ಕೇಳಿದ: “ನಿನ್ನ ಪ್ರಶ್ನೆ ಯಾವುದಮ್ಮ?”

“ಯಾವುದಮ್ಮ...” ಎಂದಳು. ಜೇಬಿನ ಚೀಟಿಗಳನ್ನು ತಡಕಿದಳು; ಎಲ್ಲವೂ ಬೇರೆಯವರವೇ. ಚೀಟಿಗಳ ಸರಬರ ಮೆಟ್ಟಿಲಿಳಿದು ಹೋಯಿತು.

ಪರರ ಪ್ರಶ್ನೆ ಹೊತ್ತು ತಿರುಗುವ ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ನಾವು ಬಾಯಿ ಬಿಡುವ ಮುನ್ನವೇ ನಮ್ಮ ಮಾತು ಅವರ ಜೇಬಿನಲ್ಲಿರುತ್ತದೆ. ಅವರೆಂದರೆ ನಮಗೆ ಭಯವಾಗುವುದು ಅದಕ್ಕೆ. ಅವರನ್ನು ಹುಡುಕಿಕೊಂಡು ಹೋಗುವುದೂ ಅದಕ್ಕೇ.