ಹಾಲು ಕೊಡುವ ಹೊತ್ತು

"ಏನೇ ಮುಂಡೇ, ಗಳಿಗೆಗೊಂದ್ಸಲ ಮೊಲೆ ಹಿಡ್ಕಂಡು ಓಡಾಕೆ ಇದೇನ್ ನಿಮ್ಮಪ್ಪನ್ ತ್ವಾಟವಾ?"

ಮೇಸ್ತ್ರಿ ನಝೊಂಬೆಯ ಕೋಲು ಫನೆಸಿಯ ಬೆನ್ನಿನ ಬುಟ್ಟಿಗೆ ಬಡಿಯಿತು. ಥ್ಯೋಲೊ ಗುಡ್ಡದ ಚಹಾ ತೋಟದಲ್ಲಿ ನಲವತ್ತು ಹೆಂಗಸರು ಸಾಲು ಹಿಡಿದು ಚಿಗುರು ಕೀಳುತ್ತಿದ್ದರು. ಒಬ್ಬಳೂ ತಲೆಯೆತ್ತಲಿಲ್ಲ.

"ಕೂಸಿಗಿನ್ನೂ ಎರಡ್ ತಿಂಗ್ಳು, ಬುದ್ದಿ. ಹಾಲು ಕುಡ್ಸಿ ಓಡ್ ಬತ್ತೀನಿ."

"ಮನೇಲಿ ನಿಮ್ಮವ್ವ ಸತ್ತವ್ಳಾ? ಗಂಜಿ ಕುಡುಸ್ಲಿ. ಸಾಲು ಬುಟ್ರೆ ನಾಳಿಂದ ಬರಬ್ಯಾಡ."

ಅವ್ವ ಗಂಜಿ ಕುಡಿಸುತ್ತಲೇ ಇದ್ದಳು. ಫನೆಸಿಯನ್ನು ಸುಡುತ್ತಿದ್ದದ್ದು ಅದೇ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬರೋಣವೆಂದರೆ ಬೆನ್ನ ಮೇಲೆ ತೋಟದ ಬುಟ್ಟಿ.

ಆಸ್ಪತ್ರೆಯ ನರ್ಸು ಬಿಡಿಸಿ ಹೇಳಿದ್ದಳು: "ನಿನ್ ರಕ್ತದಾಗೆ ಎಚ್‌ಐವಿ ಐತೆ. ಕೂಸಿಗಿನ್ನೂ ಬಂದಿಲ್ಲ. ನೀನು ದಿನಾ ಮಾತ್ರೆ ನುಂಗು, ಆಗ ಹಾಲಿನಾಗೆ ಬರಾದು ಕಮ್ಮಿ. ಆರು ತಿಂಗ್ಳು ಬರೀ ಎದೆಹಾಲು. ನೀರೂ ಬ್ಯಾಡ, ಗಂಜೀನೂ ಬ್ಯಾಡ. ಬ್ಯಾರೆದು ಹಾಕಿ ಎಳೇ ಕರುಳು ಕೆಟ್ರೆ ಕಾಯ್ಲೆಗೆ ದಾರಿ ಆಯ್ತದೆ."

ಮಾತ್ರೆಯನ್ನು ಫನೆಸಿ ಕಕ್ಕಸಿನ ಹಿಂದೆ ನಿಂತು ನುಂಗುತ್ತಿದ್ದಳು. ಅದೇ ಕಾಯಿಲೆಯಿಂದ ಸತ್ತ ಅಕ್ಕನನ್ನು ಮಣ್ಣು ಮಾಡಿದ್ದ ಅವ್ವನಿಗೆ ಯಾವ ಬಾಯಲ್ಲಿ ಹೇಳುವುದು? ಹತ್ತು ದಿನದ ಹಿಂದೆ ಹಾಲು ಕುಡಿಸಲು ಮನೆಗೆ ಓಡಿದಾಗ ಅವ್ವ ಮೆಕ್ಕೆಜೋಳದ ತಿಳಿಗಂಜಿಯನ್ನು ಕೂಸಿಗೆ ಚಮಚದಲ್ಲಿ ಕುಡಿಸುತ್ತಿದ್ದಳು.

"ಎಷ್ಟ್ ಹಸ್ಕಂಡಿತ್ತು ನೋಡವ್ವ ನನ್ ಪುಟ್ ಗಂಡ! ನೀನ್ ಬರಾಗಂಟ ಅಳುಸ್ಲಾ?"

ಬೇಡವೆಂದರೆ ಯಾಕೆಂದು ಕೇಳುತ್ತಾಳೆ. ಫನೆಸಿ ಅಂದು ಬಾಯಿ ಬಿಡಲಿಲ್ಲ. ಮರುದಿನವೂ ಬಿಡಲಿಲ್ಲ. ಮೇಸ್ತ್ರಿ ಪಾಪಿ, ಸರಿ. ಗೊತ್ತಿದ್ದೂ ಹತ್ತು ದಿನ ಸುಮ್ಮನಿದ್ದ ತಾಯಿಯನ್ನು ಏನೆಂದು ಕರೆಯುವುದು?

ಎದೆ ಬಿಗಿದು ಅಂಗಿ ಒದ್ದೆಯಾಯಿತು. ನಝೊಂಬೆ ಅದನ್ನು ನೋಡಿ ಹಲ್ಲು ಕಿರಿದ. "ಹಸಾ ಸೋರ್ತಾ ಐತೆ, ಕರೂನ ಕರೀರಮ್ಮೋ!"

ಫನೆಸಿ ಬುಟ್ಟಿ ಇಳಿಸಿ ಅವನ ಕಾಲ ಬಳಿ ಬೋರಲು ಹಾಕಿದಳು. ಬೆಳಗಿನಿಂದ ಕಿತ್ತ ಚಿಗುರೆಲ್ಲ ಕೆಸರಿಗೆ ಬಿತ್ತು.

"ನಂಗೆ ಎಚ್‌ಐವಿ ಐತೆ ಕಣೋ ಸೂಳೇಮಗನೇ! ಎಲ್ಲಾ ಕೇಳುಸ್ಕಳಿ! ನನ್ ಹಾಲಿನ್ ಜತೆ ಗಂಜಿ ಕುಡುದ್ರೆ ನನ್ ಕೂಸಿಗೂ ಬರಬೌದು. ಇವತ್ತೂ ಹೋಯ್ತೀನಿ, ನಾಳೀಕೂ ಹೋಯ್ತೀನಿ. ಅದೇನ್ ಕಿತ್ಕತೀಯೋ ಕಿತ್ಕೋ!"

ಸಾಲಿನುದ್ದಕ್ಕೂ ಕೈಗಳು ನಿಂತವು. ಮೇಸ್ತ್ರಿ ಗಾಳಿಯಲ್ಲೇ ಅಂಟುತ್ತದೇನೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದ. ಸಾಲಿನ ಕೊನೆಯಿಂದ ಒಬ್ಬಳು ಕೂಗಿದಳು: "ಓಡಮ್ಮೀ, ಬ್ಯಾಗ ಓಡು! ನಂಗೂ ಐತೆ!"

ಫನೆಸಿ ಇಳಿಜಾರಿನಲ್ಲಿ ಎದ್ದುಬಿದ್ದು ಓಡಿದಳು. ಅವ್ವ ಹೊಸ್ತಿಲ ಬಳಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು.

"ಅವ್ವಾ, ಅಕ್ಕನ ಕಾಯ್ಲೆ ನಂಗೂ ಐತೆ. ಕೂಸಿಗೆ ಬರಬಾರ್ದು ಅಂದ್ರೆ ಗಂಜಿ ಹಾಕ್ಬ್ಯಾಡ."

ಅವ್ವ ಕೈಯಲ್ಲಿದ್ದ ಚಮಚವನ್ನು ಗಂಜಿಯ ಬಟ್ಟಲಿಗೆ ಹಾಕಿದಳು. "ಮೊದ್ಲೇ ಯಾಕೇ ಹೇಳ್ನಿಲ್ಲ, ಪಾಪಿ?"

ಫನೆಸಿ ಕೂಸನ್ನು ಎತ್ತಿಕೊಂಡು ಎದೆಗೆ ಹಾಕಿಕೊಂಡಳು.

ಕೂಸಿನ ಹೊಟ್ಟೆ ತುಂಬಿತ್ತು. ಅದು ತೊಟ್ಟನ್ನು ನಾಲಗೆಯಿಂದ ಹೊರಗೆ ತಳ್ಳಿ, ತುಟಿಗಂಟಿದ ಗಂಜಿಯನ್ನು ಚಪ್ಪರಿಸುತ್ತ ಮುಖ ತಿರುಗಿಸಿತು.