ನೆರಳಿನ ಪ್ರಶ್ನೆಗೆ ಸೊನ್ನೆ

ಕಣ್ಣು ಕಂಪನಿಗೆ, ಕಿವಿ ಮಗಳಿಗೆ. ಹೀಗೆ ಪಾಲು ಮಾಡಿಕೊಂಡರೆ ಎರಡೂ ಸುಸೂತ್ರವಾಗಿ ನಡೆಯುತ್ತವೆ ಎಂದು ಅವಳು ನಂಬಿದ್ದಳು. ಅವಳ ಕೆಲಸ ಉತ್ತರಪತ್ರಿಕೆ ತಿದ್ದುವುದು. ಎಲ್ಲೆಲ್ಲಿಯದೋ ಮಕ್ಕಳು ಬರೆದ ಪತ್ರಿಕೆಗಳನ್ನು ಕಂಪನಿಯವರು ಸ್ಕ್ಯಾನ್ ಮಾಡಿ, ಹೆಸರು ಮರೆಮಾಚಿ, ಒಂದು ನಂಬರು ಹಚ್ಚಿ ಅವಳ ಲ್ಯಾಪ್‌ಟಾಪಿಗೆ ಕಳಿಸುತ್ತಿದ್ದರು. ಅವಳು ಊಟದ ಮೇಜಿನ ಒಂದು ತುದಿಯಲ್ಲಿ ಕೂತು ತಿದ್ದುತ್ತಿದ್ದಳು, ಇನ್ನೊಂದು ತುದಿಯಲ್ಲಿ ಎಂಟು ವರ್ಷದ ಮಗಳು ಕೂತು ಕಲಿಯುತ್ತಿದ್ದಳು. ಆ ಮೇಜು ಆಫೀಸೂ ಹೌದು, ಶಾಲೆಯೂ ಹೌದು. ಊಟಕ್ಕೆ ಮಾತ್ರ ಅದರ ಮೇಲೆ ಜಾಗವಿರಲಿಲ್ಲ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಉಣ್ಣಬೇಕಾಗಿತ್ತು.

ಮಗಳಿಗೆ ಅಪ್ಪ ಇಟ್ಟ ಅಡ್ಡಹೆಸರು ಪಟಾಕಿ. ಮಾತು ಬಂದ ದಿನದಿಂದ ಅವಳ ಬಾಯಿ ನಿಂತದ್ದೇ ಇಲ್ಲ. ಶಾಲೆಗೆ ಹಾಕಿದ ಎರಡನೇ ವರ್ಷಕ್ಕೆ ಆ ಪಟಾಕಿ ಠುಸ್ ಎಂದಿತು. ಬರೆಯುವುದು ನಿಧಾನ ಎಂದು ಟೀಚರು ಅವಳನ್ನು ಬೋರ್ಡಿನ ಪಕ್ಕ ನಿಲ್ಲಿಸಿ, ಅವಳ ಪುಸ್ತಕವನ್ನು ಎತ್ತಿ ಹಿಡಿದು ತರಗತಿಗೆಲ್ಲ ತೋರಿಸಿದರಂತೆ. ಒಂದು ದಿನ ಅಲ್ಲ, ಇಡೀ ಒಂದು ವಾರ. ಆಮೇಲೆ ಆ ಮಗು ಮನೆಯಿಂದ ಆಚೆ ಯಾರೊಂದಿಗೂ ತುಟಿ ಬಿಚ್ಚಲಿಲ್ಲ. ಬೆಳಿಗ್ಗೆ ಬೂಟು ಕಂಡರೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಮೂರು ತಿಂಗಳು ನೋಡಿ, ಅಮ್ಮ ಶಾಲೆ ಬಿಡಿಸಿ, ಮನೆಯಲ್ಲೇ ಕಲಿಸುತ್ತೇನೆಂದು ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿದಳು. ಅನುಮತಿ ಸಿಕ್ಕಿತು. ಜೊತೆಗೆ ಒಂದು ಷರತ್ತೂ ಇತ್ತು: ವರ್ಷದ ಕೊನೆಯ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಅನುಮತಿ ರದ್ದು, ಮಗು ಅದೇ ಶಾಲೆಗೆ ವಾಪಸ್ಸು.

ಗಂಡ ದೂರದೂರಿನ ಬಸ್ಸಿನ ಡ್ರೈವರ್, ವಾರಕ್ಕೆ ಎರಡು ದಿನ ಮನೆಯಲ್ಲಿರುತ್ತಿದ್ದ. ಅವನಿಗೆ ಈ ಏರ್ಪಾಡು ಮೊದಲಿನಿಂದಲೂ ಹಿಡಿಸಿರಲಿಲ್ಲ.

"ಕೆಲಸಾನೂ ನೀನೇ ಮಾಡ್ತೀಯ, ಪಾಠಾನೂ ನೀನೇ ಮಾಡ್ತೀಯ. ನಾನು ಸ್ಟೀರಿಂಗ್ ಹಿಡ್ಕೊಂಡೇ ಟಿಕೆಟ್ಟೂ ಕೊಡ್ತೀನಿ ಅಂದಂಗಾಯ್ತು."

"ಕೆಲವು ಬಸ್ಸಲ್ಲಿ ಡ್ರೈವರೇ ಟಿಕೆಟ್ ಕೊಡ್ತಾರೆ," ಎಂದಳು ಅವಳು.

"ಕೊಡ್ತಾರೆ. ಬಸ್ಸು ನಿಲ್ಸಿ ಕೊಡ್ತಾರೆ."

ಅವನು ಹಾಗೆ ಹೇಳಿ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ. ಹೇಳುವುದು ಸುಲಭ. ಕೆಲಸ ಬಿಟ್ಟರೆ ಬಾಡಿಗೆ ಯಾರು ಕಟ್ಟುತ್ತಾರೆ ಎಂದು ಅವನೂ ಹೇಳುತ್ತಿರಲಿಲ್ಲ, ಅವಳೂ ಕೇಳುತ್ತಿರಲಿಲ್ಲ.

ಅವಳ ಪರದೆಯ ಮೇಲ್ತುದಿಯಲ್ಲಿ ಒಂದು ಹಸಿರು ಪಟ್ಟಿ ಇತ್ತು. ಒಂದು ಉತ್ತರಕ್ಕೆ ನಲವತ್ತು ಸೆಕೆಂಡು. ಅದು ದಾಟಿದರೆ ಪಟ್ಟಿ ಹಳದಿಯಾಗುತ್ತದೆ, ಇನ್ನೂ ತಡವಾದರೆ ಕೆಂಪು. ದಿನಕ್ಕೆ ಹತ್ತು ಸಲ ಕೆಂಪಾದರೆ ಸಂಜೆಯೊಳಗೆ ಮೇಲ್ವಿಚಾರಕಿಯ ಫೋನು ಬರುತ್ತದೆ. ಇಡೀ ಪತ್ರಿಕೆ ಯಾರಿಗೂ ಸಿಗುತ್ತಿರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದೇ ಪ್ರಶ್ನೆ. ಅದು ಯಾವ ಪರೀಕ್ಷೆ, ಯಾವ ಮಕ್ಕಳು ಎನ್ನುವುದನ್ನು ಕಂಪನಿ ಹೇಳುವುದಿಲ್ಲ. ಒಂದು ವಾರ ಪೂರ್ತಿ ಹೂವಿನ ಭಾಗಗಳು, ಇನ್ನೊಂದು ವಾರ ಪೂರ್ತಿ ದಿಕ್ಕುಗಳು. ಹೂವಿನ ವಾರ ಮಲಗಿದರೂ ಎದ್ದರೂ ಕಣ್ಣ ಮುಂದೆ ಮಕ್ಕಳು ಬರೆದ ವಕ್ರ ಕೇಸರಗಳೇ ಕುಣಿಯುತ್ತಿದ್ದವು.

ಇದರ ನಡುವೆ ಪಾಠ. ಮಗಳು ಗಟ್ಟಿಯಾಗಿ ಓದುವುದು, ಅಮ್ಮ ಪರದೆಯಿಂದ ಕಣ್ಣು ಕೀಳದೆ ಕೇಳುವುದು. ಮಗಳು ಪ್ರಶ್ನೆ ಕೇಳಿದರೆ ಬಾಯಲ್ಲೇ ಉತ್ತರ, ಅಮ್ಮ ಪ್ರಶ್ನೆ ಕೇಳಿದರೆ ಮಗಳೂ ಬಾಯಲ್ಲೇ ಹೇಳಬೇಕು. ಹೀಗೆ ಮಾತಿನಲ್ಲೇ ಕಲಿಯುತ್ತ ಕಲಿಯುತ್ತ ಹೋದ ಮಾತು ವಾಪಸ್ಸು ಬಂತು. ಅದನ್ನು ಕೇಳಿಸಿಕೊಂಡು ಅಮ್ಮನ ಹೊಟ್ಟೆ ತಣ್ಣಗಾಗಿತ್ತು. ಬರವಣಿಗೆಯೊಂದು ಹಿಂದೆ ಬಿತ್ತು. "ಬರೆದಿಟ್ಟಿರು, ಆಮೇಲೆ ನೋಡ್ತೀನಿ," ಎನ್ನುತ್ತಿದ್ದಳು. ಆ ಆಮೇಲೆ ಬರುತ್ತಿದ್ದದ್ದು ಭಾನುವಾರ. ಆಗ ಪುಸ್ತಕಗಳನ್ನು ರಾಶಿ ಹಾಕಿಕೊಂಡು, ಪುಟ ಮಗುಚುತ್ತ, ಮೂಲೆಯಲ್ಲೊಂದು ಕೆಂಪು ಗುರುತು ಎಳೆದು, ಕೊನೆಗೆ ಒಂದು ನಕ್ಷತ್ರ ಬರೆದು ಮುಗಿಸುತ್ತಿದ್ದಳು. ಆರು ದಿನ ಬೇರೆಯವರ ಮಕ್ಕಳ ಅಕ್ಷರ ನೋಡಿ ನೋಡಿ ಭಾನುವಾರ ಅಕ್ಷರ ಎಂದರೆ ಕಣ್ಣು ಉರಿಯುತ್ತಿತ್ತು.

ಪರೀಕ್ಷೆಯ ದಿನ ಅವಳು ಕೇಂದ್ರದ ಕಾರಿಡಾರಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು ತಿದ್ದುತ್ತಲೇ ಕೂತಿದ್ದಳು. ರಜ ಕೇಳಿದ್ದಳು, ಸಿಕ್ಕಿರಲಿಲ್ಲ. ಎರಡು ಗಂಟೆಯ ನಂತರ ಮಗಳು ಶಾಯಿ ಮೆತ್ತಿದ ಬೆರಳುಗಳೊಂದಿಗೆ ಹೊರಬಂದಳು. ಪ್ರಶ್ನೆಪತ್ರಿಕೆಯನ್ನು ಒಳಗೇ ಇಟ್ಟುಕೊಂಡಿದ್ದರು.

"ಹೇಗೆ ಬರೆದೆ ಪುಟ್ಟಿ?"

"ಗೊತ್ತಿದ್ದದ್ದೆಲ್ಲ ಬರೆದೆ. ಯಾರೂ ಬೈಲಿಲ್ಲ."

ಅಷ್ಟು ಸಾಕಾಗಿತ್ತು ಅಮ್ಮನಿಗೆ. ದಾರಿಯುದ್ದಕ್ಕೂ ಮಗಳು ಬಡಬಡಿಸುತ್ತಿದ್ದಳು, ಅಮ್ಮ ಹೂಂ ಹೂಂ ಎನ್ನುತ್ತ ಆ ದಿನ ಎಷ್ಟು ಸಲ ಕೆಂಪಾಯಿತೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಇದಾಗಿ ಎರಡು ವಾರಕ್ಕೆ ಕಂಪನಿ ಅವಳಿಗೆ ನೆರಳಿನ ಪ್ರಶ್ನೆ ಕೊಟ್ಟಿತು. 'ನೆರಳು ಹೇಗೆ ಉಂಟಾಗುತ್ತದೆ? ವಿವರಿಸಿ.' ನಾಲ್ಕು ಅಂಕ. ಉತ್ತರಸೂಚಿಯ ಪ್ರಕಾರ 'ಬೆಳಕಿನ ಮೂಲ', 'ಅಪಾರದರ್ಶಕ ವಸ್ತು', 'ಸರಳರೇಖೆ', 'ಪರದೆ' ಎಂಬ ಪದಗಳು ಬರಬೇಕು, ಪದಕ್ಕೊಂದು ಅಂಕ. ನಾಲ್ಕು ದಿನ ಅವಳು ಅದನ್ನೇ ತಿದ್ದಿದಳು. ಮಕ್ಕಳು ಗಿಳಿಗಳ ಹಾಗೆ ಅದೇ ನಾಲ್ಕು ಪದ ಬರೆದಿದ್ದರು, ಅವಳು ಯಂತ್ರದ ಹಾಗೆ ನಾಲ್ಕು ನಾಲ್ಕು ಎಂದು ಒತ್ತುತ್ತ ಹೋದಳು. ಐದನೇ ದಿನ ಹನ್ನೊಂದರ ಹೊತ್ತಿಗೆ ಒಂದು ಉತ್ತರ ಬಂತು. ದೊಡ್ಡ ದೊಡ್ಡ ಅಕ್ಷರ, ಗೆರೆಯ ಮೇಲೆ ನಿಲ್ಲದ ಸಾಲು. ಓದಿದವಳಿಗೆ ನಗು ತಡೆಯಲಾಗಲಿಲ್ಲ.

"ಪಟಾಕಿ, ಇಲ್ಲಿ ಕೇಳು. ನೆರಳು ಹೇಗೆ ಉಂಟಾಗುತ್ತೆ ಅಂತ ಕೇಳಿದ್ರೆ ಇವನು ಏನು ಬರ್ದಿದಾನೆ ನೋಡು. 'ನೆರಳು ಉಂಟಾಗಲ್ಲ. ಬೆಳಕು ಅಲ್ಲಿಗೆ ಬರಲ್ಲ ಅಷ್ಟೆ. ಮಧ್ಯದಲ್ಲಿ ಯಾರೋ ನಿಂತಿರ್ತಾರೆ.' ನೋಡಿದ್ಯಾ, ಪ್ರಶ್ನೆನೇ ತಪ್ಪು ಅಂತ ನಮಗೇ ಪಾಠ ಹೇಳ್ತಿದಾನೆ ಮಹಾಶಯ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಇವನಿಗೆ ಯಾರು ಹೇಳಿಕೊಟ್ರೋ, ಅವರನ್ನ ಕರೆಸಿ ಬೋರ್ಡಿನ ಪಕ್ಕ ನಿಲ್ಲಿಸಬೇಕು."

ಮಗಳು ಪೆನ್ಸಿಲ್ ಕೆಳಗಿಟ್ಟಳು. "ತಪ್ಪಾ ಅದು?"

"ತಪ್ಪು ಅಂತಲ್ಲ. ಬರಬೇಕಾದ ಪದ ಒಂದೂ ಇಲ್ಲ."

"ಎಷ್ಟು ಕೊಟ್ಟೆ?"

"ಸೊನ್ನೆ."

ತಪ್ಪು ಅಂತಲ್ಲ ಎಂದು ಅವಳ ಬಾಯಿಯೇ ಹೇಳಿತ್ತು. ಅಂಥ ಉತ್ತರಗಳಿಗೆಂದೇ ಪರದೆಯ ಕೆಳಗೊಂದು ಗುಂಡಿಯಿತ್ತು. ಅದನ್ನು ಒತ್ತಿ, ಇದು ಬೇರೆ ಮಾತಿನಲ್ಲಿ ಬರೆದ ಸರಿಯುತ್ತರ ಎಂದು ನಾಲ್ಕು ಸಾಲು ಕಾರಣ ಬರೆದರೆ ಹಿರಿಯ ಮೌಲ್ಯಮಾಪಕರು ನೋಡಿ ಅಂಕ ಕೊಡುತ್ತಾರೆ. ಆದರೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಪಟ್ಟಿ ಕೆಂಪಾಗುತ್ತದೆ. ಆ ವರ್ಷವಿಡೀ ಅವಳು ಆ ಗುಂಡಿಯನ್ನು ಒಂದು ಸಲವೂ ಮುಟ್ಟಿರಲಿಲ್ಲ. ಸಿದ್ಧ ಷರಾಗಳ ಪಟ್ಟಿಯಿಂದ 'ಉತ್ತರ ಅಸಂಬದ್ಧ' ಎಂಬುದನ್ನು ಆರಿಸಿ ಮುಂದಿನದಕ್ಕೆ ಹೋದಳು. ಹೆತ್ತ ತಾಯಿಗೆ ಮಗಳ ಅಕ್ಷರ ಗುರುತು ಸಿಗಲಿಲ್ಲವೇ ಎಂದು ಕೇಳುವವರು ಕೇಳಲಿ. ಸಿಗಲಿಲ್ಲ. ಮೇಜಿನ ಆ ತುದಿಗೆ ಅವಳು ಒಂದು ಸಲ ತಲೆಯೆತ್ತಿ ನೋಡಿದ್ದರೆ ಮಗಳ ಮುಖವಾದರೂ ಹೇಳುತ್ತಿತ್ತು. ನೋಡಲಿಲ್ಲ.

ಫಲಿತಾಂಶ ಮೊಬೈಲಿಗೆ ಬಂದ ಬೆಳಿಗ್ಗೆ ಗಂಡ ಮನೆಯಲ್ಲಿದ್ದ. ವಿಜ್ಞಾನದಲ್ಲಿ ಎರಡು ಅಂಕ ಕಡಿಮೆ, ಅನುತ್ತೀರ್ಣ. ಅವನು ಟವೆಲ್ಲು ತೆಗೆದುಕೊಂಡು ಸ್ನಾನಕ್ಕೆ ಹೋದ. ಅದೇ ಅವಳ ಮೈಯೆಲ್ಲ ಉರಿಸಿತು.

"ಯಾವ ಕತ್ತೆ ತಿದ್ದಿದೆಯೋ," ಎಂದು ಬಚ್ಚಲಿನ ಬಾಗಿಲಿಗೆ ಕೇಳುವಂತೆ ಕೂಗಿದಳು. "ನನಗೆ ಗೊತ್ತಿಲ್ವಾ ಇವರ ಹಣೆಬರಹ. ಒಂದು ಉತ್ತರಾನೂ ಪೂರ್ತಿ ಓದಲ್ಲ. ಪತ್ರಿಕೆ ತರಿಸ್ತೀನಿ, ಒಂದೊಂದು ಸಾಲಿಗೂ ಜಗಳ ಆಡ್ತೀನಿ."

ಪತ್ರಿಕೆಯ ಪ್ರತಿ ಮೂರನೇ ದಿನಕ್ಕೆ ಬಂತು. ಏಳನೇ ಪುಟದಲ್ಲಿ ನೆರಳಿನ ಪ್ರಶ್ನೆ ಇತ್ತು. ದೊಡ್ಡ ದೊಡ್ಡ ಅಕ್ಷರ, ಗೆರೆಯ ಮೇಲೆ ನಿಲ್ಲದ ಸಾಲು, ಪಕ್ಕದಲ್ಲಿ ಸೊನ್ನೆ, ಅದರ ಕೆಳಗೆ 'ಉತ್ತರ ಅಸಂಬದ್ಧ'. ಮೂಲೆಯಲ್ಲಿ ತಿದ್ದಿದವರ ಸಂಖ್ಯೆ. ಪ್ರತಿ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯುವಾಗ ಅವಳೇ ಒತ್ತುವ ಆರು ಅಂಕಿ. ಅವಳು ಅದನ್ನು ಮೂರು ಸಲ ಓದಿದಳು.

ಮಗಳು ಮೇಜಿನ ಆ ತುದಿಯಲ್ಲಿ ಕೂತು ಗುಣಾಕಾರ ಮಾಡುತ್ತಿದ್ದಳು.

"ಪುಟ್ಟಿ, ಅವತ್ತು ನಾನು ಓದಿದ್ದು ನಿಂದು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ನಗ್ತಿದ್ದೆ. ನೀನು ನಕ್ಕು ತುಂಬ ದಿನ ಆಗಿತ್ತು."

ಮಗಳು ಅಷ್ಟಕ್ಕೇ ಬಿಡಲಿಲ್ಲ. ಬಿಡಬಹುದಿತ್ತು.

"ಅದನ್ನ ನಿನಗೆ ಮೊದಲೇ ಹೇಳಿದ್ದೆ ಅಮ್ಮ. ಬೇಸಿಗೆಯಲ್ಲಿ. ಗೋಡೆ ಮೇಲೆ ಕೈಯಿಟ್ಟು ನೋಡಿ, ನೆರಳು ಉಂಟಾಗಲ್ಲ, ಬೆಳಕು ಬರಲ್ಲ ಅಷ್ಟೆ, ಅಲ್ವಾ ಅಂದೆ. ನೀನು ಹೂಂ, ಸರಿ ಅಂದೆ. ಅದಕ್ಕೇ ಬರೆದೆ."

ಅವಳಿಗೆ ನೆನಪಾಗಲಿಲ್ಲ. ಎಷ್ಟು ಹುಡುಕಿದರೂ ಆ ಬೇಸಿಗೆಯ ದಿನ ತಲೆಯಲ್ಲಿ ಸಿಗಲಿಲ್ಲ. ಬರವಣಿಗೆ ನೋಡಲಿಲ್ಲ ನಿಜ, ಕಿವಿಯನ್ನಾದರೂ ಮಗಳಿಗೆ ಕೊಟ್ಟಿದ್ದೇನೆ ಎಂದು ಇಡೀ ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಅದೂ ಸುಳ್ಳಾಗಿತ್ತು. ತನ್ನ ಮೇಲೆ ಅವಳಿಗೆ ಎಂದೂ ಇಷ್ಟು ಹೇಸಿಗೆ ಆಗಿರಲಿಲ್ಲ.

ಮಧ್ಯಾಹ್ನ ಮೇಲ್ವಿಚಾರಕಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಮೇಲ್ವಿಚಾರಕಿ ಕೆಟ್ಟವಳೇನಲ್ಲ, ಅವಳ ತಲೆಯ ಮೇಲೂ ಒಂದು ಪಟ್ಟಿ ಇತ್ತು.

"ನೋಡಮ್ಮ, ನೀವು ಕೆಲಸಕ್ಕೆ ಸೇರುವಾಗ ಫಾರಂನಲ್ಲಿ ಬಂಧುಗಳು ಯಾರೂ ಪರೀಕ್ಷೆ ತಗೊಳ್ತಿಲ್ಲ ಅಂತ ಹಾಕಿದೀರ."

"ಆಗ ಮಗಳು ಶಾಲೇಲಿದ್ದಳು ಮೇಡಂ, ಈ ಪರೀಕ್ಷೆ ಇರ್ಲಿಲ್ಲ. ಆಮೇಲೆ ತಿದ್ದೋದು ಮರ್ತೆ."

"ಈಗ ಇದನ್ನ ನಾನು ಮೇಲೆ ಕಳಿಸಿದ್ರೆ ನಿಮ್ಮ ಕೆಲಸ ಹೋಗುತ್ತೆ."

"ಹೋಗ್ಲಿ ಮೇಡಂ." ಅವಳು ಅದನ್ನು ಯೋಚಿಸಿಯೇ ಫೋನು ಮಾಡಿದ್ದಳು. "ಮಗಳಿಗೆ ಅಂಕ ಸಿಗುತ್ತಾ, ಅದು ಹೇಳಿ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿಸಿತು, ಆಮೇಲೆ ನಿಟ್ಟುಸಿರು. "ಇಲ್ಲಮ್ಮ. ಬೇರೆಯವರು ತಿದ್ದಿದ್ರೂ ಸೂಚಿಯ ಪ್ರಕಾರ ಅದು ಸೊನ್ನೆನೇ. ನೀವು ತಪ್ಪು ಮಾಡಿಲ್ಲ. ಅಂಥದಕ್ಕೆ ಅಂಕ ಬರೋದು ಮೊದಲ ಸಲ ತಿದ್ದಿದವರು ಆ ಗುಂಡಿ ಒತ್ತಿದ್ರೆ ಮಾತ್ರ. ಮುಗಿದ ಮೇಲೆ ಯಾರೂ ಒತ್ತಕ್ಕಾಗಲ್ಲ." ಆಮೇಲೆ ಅವಳೇ ದನಿ ತಗ್ಗಿಸಿ ಹೇಳಿದಳು, "ನಾನು ಈ ಫೋನು ಬಂದೇ ಇಲ್ಲ ಅಂದ್ಕೋತೀನಿ. ನಿಮ್ಮ ಕೆಲಸ ನಿಮಗಿರ್ಲಿ. ಈ ತಿಂಗಳು ನಿಮಗೆ ಒಂದು ದಿನವೂ ಹತ್ತು ಕೆಂಪು ಆಗಿಲ್ಲ, ಗೊತ್ತಾ?"

ಕೆಲಸ ಕಳೆದುಕೊಂಡಾದರೂ ಮಗಳನ್ನು ಉಳಿಸಿಕೊಳ್ಳುತ್ತೇನೆ ಎಂದು ಹೋದವಳಿಗೆ ಕೆಲಸ ಉಳಿಯಿತು. ಇಷ್ಟು ಸಸ್ತಾ ದಯೆಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ಫೋನಿಟ್ಟು, ಅಭ್ಯಾಸಬಲದಿಂದ ಮುಂದಿನ ಉತ್ತರ ತೆರೆದಳು. ಓದಲಾಗಲಿಲ್ಲ. ಪಟ್ಟಿ ಕೆಂಪಾಗಿ ಹಾಗೇ ನಿಂತಿತ್ತು.

ಸೋಮವಾರ ಅಮ್ಮ ಮಗಳು ಇಬ್ಬರೂ ಶಾಲೆಗೆ ಹೋದರು. ಗೇಟಿನ ಬಳಿ ಮಗಳು ವಾಂತಿ ಮಾಡಿಕೊಂಡಳು, ಅಮ್ಮ ಕರವಸ್ತ್ರದಿಂದ ಬಾಯೊರೆಸಿ ನೀರು ಕುಡಿಸಿದಳು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಎರಡು ಕುರ್ಚಿ, ಗಾಜು ಹಾಸಿದ ಮೇಜು, ಗೋಡೆಗೆ ತರಗತಿವಾರು ವೇಳಾಪಟ್ಟಿ. ಆಕೆ ಹೊಸಬರು, ಮೃದುವಾಗಿ ಮಾತಾಡಿಸಿದರು. ಮಗು ಯಾರೊಂದಿಗೂ ಬೇಗ ಮಾತಾಡುವುದಿಲ್ಲ ಎಂದು ಅಮ್ಮ ಮೊದಲೇ ಹೇಳಿಟ್ಟಳು.

ಮುಖ್ಯೋಪಾಧ್ಯಾಯಿನಿ ಮರುಸೇರ್ಪಡೆಯ ಫಾರಂ ತುಂಬುತ್ತ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿದರು. "ಹೋದ ವರ್ಷ ಪಾಠ ಹೇಳಿಕೊಟ್ಟವರು ಯಾರು ಅಂತ ಕೇಳ್ತಾರೆ. ನಿಮ್ಮ ಹೆಸರು ಬರೀಲಾ?"

ಅಮ್ಮ ಹೌದೆನ್ನಲು ಬಾಯಿ ತೆರೆದಳು. ಅದಕ್ಕೆ ಮೊದಲೇ ಮಗಳು ಮಾತಾಡಿದಳು. ಬೋರ್ಡಿನ ಪಕ್ಕ ನಿಂತ ಆ ವಾರದ ನಂತರ ಹೊರಗಿನವರೊಂದಿಗೆ ಅವಳು ಆಡಿದ ಮೊದಲ ಮಾತು ಅದು.

"ನಾನೇ ಓದ್ಕೊಳ್ತಿದ್ದೆ ಮಿಸ್. ಅಮ್ಮಂಗೆ ಕೆಲಸ ಇರ್ತಿತ್ತು."

ಅದರಲ್ಲಿ ದೂರಿರಲಿಲ್ಲ. ಅಮ್ಮನ ಪರವಾಗಿಯೇ ಹೇಳಿದ್ದಳು, ಅಮ್ಮನನ್ನು ಇವರೆಲ್ಲಿ ಬೋರ್ಡಿನ ಪಕ್ಕ ನಿಲ್ಲಿಸಿಬಿಡುತ್ತಾರೋ ಎಂಬ ಹೆದರಿಕೆ ಅವಳ ಮುಖದಲ್ಲಿ ಕಾಣುತ್ತಿತ್ತು. ಮುಖ್ಯೋಪಾಧ್ಯಾಯಿನಿ ಅಮ್ಮನ ಕಡೆ ನೋಡಿದರು. ಅಮ್ಮ ಅಲ್ಲಗಳೆಯಲಿಲ್ಲ.

ಅವರು ಆ ಜಾಗದಲ್ಲಿ 'ಯಾರೂ ಇಲ್ಲ' ಎಂದು ಬರೆದು, ಫಾರಂ ತಿರುಗಿಸಿ, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು. ಅವಳು ಅದನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿ, ಸಹಿ ಹಾಕಿದಳು.