ಮೂರು ಸೆಟ್ ಪ್ರಿಂಟು

ಮನೆಮನೆಗೆ ವೈರು ಎಳೆಯುವ ಕರೆಂಟು ಮಾಮ, ಪೊಲೀಸ್ ಸ್ಟೇಷನ್ನಿಗೆ ಸಿನಿಮಾ ಹೀರೋನಂತೆ ನುಗ್ಗಬೇಕು ಅಂದುಕೊಂಡಿದ್ದ. ಮೆಟ್ಟಿಲು ಹತ್ತುವಾಗ ನೋಡಿದರೆ, ಅಕ್ಕನ ಮಗಳ ಕೈಯನ್ನು ಅವನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಪುಟ್ಟಿಗೆ ಹದಿಮೂರು. ಫೋನಿನ ಆಟದಲ್ಲಿ ಹುಡುಗಿಯ ಹೆಸರಿನಲ್ಲಿ ಪರಿಚಯವಾದ ಒಬ್ಬ ಗಂಡಸು ತಿಂಗಳಿನಿಂದ ಅವಳನ್ನು ಬೆದರಿಸುತ್ತಿದ್ದ. ನುಂಗಿಕೊಂಡಿದ್ದನ್ನೆಲ್ಲ ಅವಳು ಆ ಬೆಳಿಗ್ಗೆ ಮಾಮನ ಮುಂದೆ ಕಕ್ಕಿದ್ದಳು. "ಪೊಲೀಸ್ ಹತ್ರಾನೂ ಹೇಳ್ತೀನಿ ಮಾಮ. ಆದ್ರೆ ಒಂದೇ ಸಲ."

ದೂರು ಬರೆಯುವ ಪೇದೆ ಫೋನನ್ನು ಮುಟ್ಟಲೂ ಇಲ್ಲ.

"ಇದನ್ನ ಫೈಲಲ್ಲಿ ಹೆಂಗ್ರೀ ಇಡ್ಲಿ? ಮೆಸೇಜೆಲ್ಲ ಪ್ರಿಂಟ್ ತಗೊಂಡ್ಬನ್ನಿ, ಮೂರು ಸೆಟ್. ಎದುರಿಗೇ ಅಂಗಡಿ ಇದೆ."

"ಸಾರ್, ಮಗು ವಿಷಯ..."

"ಗೊತ್ರೀ. ಮಗು ಹೆಸರು ಹೊರಗೆ ಬರಬಾರ್ದು ಅಂತ ಕಾನೂನೇ ಇದೆ. ನಮಗೇ ಪಾಠ ಮಾಡ್ಬೇಡಿ."

ಜೆರಾಕ್ಸ್ ಅಂಗಡಿಯಲ್ಲಿ ಆರು ಜನರ ಸಾಲು. ಹಾಳೆಗಳು ಅಕ್ಷರ ಮೇಲಾಗಿ ಒಂದೊಂದೇ ಬೀಳತೊಡಗಿದವು. ಮಾಮ ಅಡ್ಡ ನಿಂತ. ಎಂಟನೆಯ ಹಾಳೆ ಮೆಷಿನ್ನಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಂಗಡಿಯವನು ಅದನ್ನು ಎಳೆದು, ಸುಕ್ಕು ನೀವಿ, ಬೆಳಕಿಗೆ ಹಿಡಿದು ಓದಿದ.

"ಅಯ್ಯೋ ದೇವರೇ. ಯಾರದ್ರೀ ಇದು?"

ಹಿಂದಿದ್ದ ಹೆಂಗಸು ಇಣುಕಿದಳು. ಹಾಳೆ ನೋಡಿ ಪುಟ್ಟಿಯನ್ನು ನೋಡಿದಳು. "ಇವ್ಳೂ ಏನ್ ಕಡಿಮೆ ಉತ್ತರ ಕೊಟ್ಟಿಲ್ಲ ಬಿಡಿ."

"ನಿಮ್ ಕೆಲ್ಸ ನೋಡ್ಕೊಳ್ಳಿ ಅಕ್ಕ," ಎಂದ ಮಾಮ.

"ಅದಕ್ಕೇ ಕಾಯ್ತಾ ನಿಂತಿದೀನಪ್ಪ. ನಿಮ್ದು ಮುಗೀಬೇಕಲ್ಲ."

ಪುಟ್ಟಿ ಕತ್ತಿನಲ್ಲಿದ್ದ ಶಾಲೆಯ ಗುರುತಿನ ಚೀಟಿಯನ್ನು ತೆಗೆದು ಜೇಬಿಗೆ ತುರುಕಿಕೊಂಡಳು.

ಸ್ಟೇಷನ್ನಿಗೆ ಮರಳಿದಾಗ ಪೇದೆ ಮೊದಲ ಪುಟದಲ್ಲಿದ್ದ ಅವಳ ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದ. ಬಹಳ ನಿಷ್ಠೆಯಿಂದ, ಒಂದು ಅಕ್ಷರವೂ ಕಾಣದಂತೆ. ಆಮೇಲೆ ಒಂದು ಸೆಟ್ಟನ್ನು ಪಕ್ಕದ ಮೇಜಿಗೆ ದಾಟಿಸಿದ. ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ದ ಯಾರೋ ಒಬ್ಬರು ಅದರ ಮೇಲೆ ಮೊಣಕೈ ಊರಿ, ಬೇಸರ ಕಳೆಯಲು ಓದತೊಡಗಿದರು.

"ಈಗ ಹೇಳಮ್ಮ. ಹೆದರ್ಬೇಡ. ಏನಾಯ್ತು?"

ಪುಟ್ಟಿ ಆ ಮೊಣಕೈಯನ್ನೇ ನೋಡುತ್ತಿದ್ದಳು.

"ಏನೂ ಆಗಿಲ್ಲ."

"ಪುಟ್ಟಿ, ಬೆಳಿಗ್ಗೆ ನನ್ ಹತ್ರ..."

"ಸುಮ್ನೆ ತಮಾಷೆಗೆ ಮಾತಾಡಿದ್ದು ಮಾಮ. ಮನೆಗೆ ಹೋಗೋಣ."

"ಮಗೂನೇ ಹೇಳ್ತಿದೆಯಲ್ರೀ," ಎಂದ ಪೇದೆ. ಅವಳ ಮಾತನ್ನು ಒಂದಕ್ಷರ ಬಿಡದೆ ಬರೆದುಕೊಂಡು, ಸಹಿ ಹಾಕುವ ಜಾಗ ತೋರಿಸಿದ.

ಪುಟ್ಟಿ ಆಗಲೇ ಬಾಗಿಲು ದಾಟಿದ್ದಳು. ಮಾಮ ಸಹಿ ಹಾಕಿದ.